ಮರದ ಪಾಯ

ಮನೆಗೆ ಪಾಯವೂ ಆಗಿದ್ದ ನೆಲಮಾಳಿಗೆಯ ನಾಲ್ಕು ಮರದ ಗೋಡೆಗಳಲ್ಲಿ ಮೂರಕ್ಕೆ ಲೈಲ್ ಸ್ಕ್ರೂಡ್ರೈವರ್ ಚುಚ್ಚಿ ನೋಡಿದ. ಮೊನೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಮನೆ ಕೊಳ್ಳುವವರ ಪರವಾಗಿ ತಪಾಸಣೆಗೆ ಬಂದವನು ಅವನು. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಯಜಮಾನ ಕಾರ್ನಿ ವೀಬ್‌ಗೆ ಎಪ್ಪತ್ತೊಂದು. ಎರಡು ಕಿಡ್ನಿಯೂ ಕೈಕೊಟ್ಟಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು.

"ಕಾಂಕ್ರೀಟ್ ಹಾಕ್ಸಿದೋರೆಲ್ಲ ನಕ್ಕಿದ್ರು ಕಣಪ್ಪ, ಮರದ ಪಾಯ ಹಾಕ್ತಾನೆ, ಹತ್ತು ವರ್ಷಕ್ಕೆ ಮನೇನ ಹೆಗಲ ಮೇಲೆ ಹೊತ್ಕೊಂಡು ಓಡಾಡ್ತಾನೆ ಅಂತ. ಈಗ ಅವ್ರ ಗೋಡೆ ಬಿರುಕು ಬಿಟ್ಟು ನೀರು ಒಸರತ್ತೆ. ಇಲ್ಲಿ ಮೈನಸ್ ನಲವತ್ತು ಡಿಗ್ರಿ ಚಳೀಲೂ ಕಾಲುಚೀಲ ಬೇಡ. ಈ ಗೋಡೆಗಳನ್ನ ನಾನೂ ಟೀನಾನೂ ಐದೇ ದಿನಕ್ಕೆ ನಿಲ್ಸಿದ್ವಿ."

"ಬೆಚ್ಚಗಿರತ್ತೆ, ಬೇಗ ಏಳತ್ತೆ, ಒಪ್ಕೋತೀನಿ," ಅಂದ ಲೈಲ್. "ಆದ್ರೆ ಕೊಳೀದೆ ಇರ್ಲಿ ಅಂತ ಕಾರ್ಖಾನೇಲಿ ಹಾಕೋ ಮದ್ದು ಮರದ ನಡುವಿನವರೆಗೆ ಇಳಿದಿರಲ್ಲ. ಕೊಯ್ದ ತುದಿಗೆ ಮತ್ತೆ ಮದ್ದು ಬಳೀದೆ ಇದ್ರೆ ಅಲ್ಲಿಂದ್ಲೇ ಕೊಳೆಯೋದು. ಒಂದ್ ಕಡೆ ಕೊಳೆತ್ರೂ ಬ್ಯಾಂಕಿನೋರು ಕೊಳ್ಳೋರಿಗೆ ಸಾಲ ಕೊಡಲ್ಲ."

"ಬಳಿದಿದೀವಿ. ನಾನು ಕೊಯ್ತಿದ್ದೆ, ಇವಳು ಬಳೀತಿದ್ಲು."

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಟೀನಾ ಮಡಿಸಿದ್ದ ಟವಲನ್ನು ಬಿಚ್ಚಿ ಮತ್ತೆ ಮಡಿಸಿದಳು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅವನನ್ನು ಸಸ್ಕಟೂನ್ ನಗರದ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವವಳು ಅವಳೇ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಈಚೆಗೆ ಅವಳ ದೃಷ್ಟಿ ಮಂಜಾಗಿತ್ತು. ಬರುವ ತಿಂಗಳು ಕಾರು ಓಡಿಸುವ ಲೈಸೆನ್ಸು ಮುಗಿದರೆ ಮತ್ತೆ ಕೊಡುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಈ ಮನೆ ಮಾರಿದರೆ ಆಸ್ಪತ್ರೆಯ ಎದುರಿಗೇ ಎರಡು ಕೋಣೆ ಸಿಗುತ್ತಿತ್ತು. ಈಗ ಮೇಲೆ ಕೋಣೆಗಳನ್ನು ನೋಡುತ್ತಿದ್ದ ಎಳೆಯ ದಂಪತಿಯನ್ನು ಬಿಟ್ಟರೆ ಎರಡು ವರ್ಷದಲ್ಲಿ ಕೇಳಿಕೊಂಡು ಬಂದವರೇ ಇಲ್ಲ.

ಲೈಲ್ ಉತ್ತರದ ಗೋಡೆಯ ಬುಡದಲ್ಲಿ ಮಂಡಿಯೂರಿದ. ಸ್ಕ್ರೂಡ್ರೈವರ್ ಗೋಡೆಯ ಮರದ ಕಂಬದೊಳಗೆ ಹಿಡಿಕೆಯವರೆಗೂ ಸದ್ದಿಲ್ಲದೆ ಹೋಯಿತು. ಅವನು ಪಕ್ಕದ ಕಂಬಕ್ಕೆ ಚುಚ್ಚಿದ, ಅದರ ಪಕ್ಕದ್ದಕ್ಕೂ ಚುಚ್ಚಿದ. ಎಲ್ಲವೂ ಅಷ್ಟೇ.

"ಆ ಗೋಡೆ ನನ್ ತಪ್ಪು ಕಾರ್ನಿ," ಅಂದಳು ಟೀನಾ. "ಆ ಹಾಳು ಮದ್ದಿಗೆ ಕೈಯೆಲ್ಲ ಬೊಬ್ಬೆ ಎದ್ದಿತ್ತು. ಈ ಸಾಲಿಗೆ ಬಳೀಲೇ ಇಲ್ಲ. ನೀನು ಕೇಳ್ದಾಗ ಆಯ್ತು ಅಂದ್ಬಿಟ್ಟೆ."

ಕಾರ್ನಿ ಗೋಡೆಯ ಕಡೆ ನೋಡಲಿಲ್ಲ. "ಗೊತ್ತಿತ್ತು," ಅಂದ. "ಮಾರನೇ ಬೆಳಿಗ್ಗೆನೇ ನೋಡ್ದೆ, ತುದಿಗಳೆಲ್ಲ ಮದ್ದಿಲ್ದೆ ಬೆಳ್ಳಗಿದ್ವು. ಗೋಡೆ ಹೊರಗೆ ಮಣ್ಣು ತುಂಬೋ ಯಂತ್ರ ಆಗ್ಲೇ ಬಂದು ನಿಂತಿತ್ತು. ನೆಲ ಹೆಪ್ಪುಗಟ್ಟೋ ಮೊದ್ಲು ಮುಚ್ಚಿದ್ರೆ ಸಾಕು ಅನ್ನಿಸ್ತು. ಮುಚ್ಚಿಸ್ಬಿಟ್ಟೆ."

"ನಲವತ್ತು ವರ್ಷ ಒಂದ್ ಮಾತು ಅನ್ಲಿಲ್ವಲ್ಲೋ."

"ನೀನಂದ್ಯಾ?"

ಟೀನಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನೂ ತೋರಿಸಲು ಅದು ಸಮಯವಾಗಿರಲಿಲ್ಲ. ಅವಳು ಲೈಲ್ ಕಡೆ ತಿರುಗಿದಳು. "ಇದನ್ನ ಬರೀಲೇಬೇಕಾ?"

"ಬರೀದೆ ಹೇಗಮ್ಮ? ಮೇಲಿರೋ ಆ ಮಕ್ಳು ಈ ಮನೇಲೇ ಮಲಗಬೇಕಲ್ಲ." ಅವನು ಪೆನ್ನು ತೆಗೆದ. "ರಿಪೇರಿ ಮಾಡ್ಬಹುದು. ಸುತ್ತ ಅಗೆದು ಗೋಡೆ ಬದಲಾಯಿಸ್ಬೇಕು. ಮನೆ ಬೆಲೆಗಿಂತ ಜಾಸ್ತಿ ಆಗತ್ತೆ."

ತಲೆಯ ಮೇಲೆ ಹೆಜ್ಜೆಗಳು ಓಡಾಡಿದವು. ಕೊಳ್ಳಲು ಬಂದಿದ್ದ ಹುಡುಗಿ ಗಂಡನನ್ನು ಕರೆದು, ಟೇಪಿನ ಆ ತುದಿ ಹಿಡಿದುಕೋ, ತೊಟ್ಟಿಲು ಇಲ್ಲಿ ಹಿಡಿಸುತ್ತೋ ನೋಡೋಣ ಅನ್ನುತ್ತಿದ್ದಳು. ಕೆಳಗೆ ಮೂವರೂ ಮೆಟ್ಟಿಲ ಕಡೆ ನೋಡಿದರು. ಮೇಲೆ ಹೋಗಿ ಹೇಳಲು ಯಾರೂ ಏಳಲಿಲ್ಲ.