ಹನ್ನೆರಡು ಪಾಯಿಂಟ್ ಒಂದು

ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ಆದರೂ ಮೌಖಿಕ ಪರೀಕ್ಷೆಯ ಬೆಳಿಗ್ಗೆ ಮಕ್ಕಳಿಗಿಂತ ಹೆಚ್ಚು ಹೆದರುವವಳು ನಾನೇ. ಈ ಜೂನ್‌ನಲ್ಲಂತೂ ಎಮೊಕೆಯ ದೆಸೆಯಿಂದ ಕಾಫಿ ಮಾಡಿಟ್ಟು ಕುಡಿಯುವುದನ್ನೇ ಮರೆತೆ.

ಎಮೊಕೆ ನಮ್ಮ ಶಾಲೆಯ ಕುಣಿತದ ತಂಡದವಳು. ಅವಳು ಹೆಜ್ಜೆ ಹಾಕಿದರೆ ವೇದಿಕೆಯ ಹಲಗೆ ನಡುಗುತ್ತದೆ. ಆಸೆ ಮಾತ್ರ ರೈಲು ಎಂಜಿನ್ ಓಡಿಸುವುದು. ಸೆಪ್ಟೆಂಬರಿನ ತರಬೇತಿಗೆ ಆಯ್ಕೆಯೂ ಆಗಿದ್ದಳು. ಶಾಲೆಯ ಕೊನೆಯ ಪರೀಕ್ಷೆ ಪಾಸಾಗಿರಬೇಕು, ಅಷ್ಟೆ. ಉಳಿದ ನಾಲ್ಕು ವಿಷಯ ಹೇಗೋ ದಾಟಿದ್ದಳು. ಇಷ್ಟದಂತೆ ಆರಿಸಿಕೊಳ್ಳುವ ಐದನೆಯದಕ್ಕೆ ಭೂಗೋಳ ತಗೋ ಮಾರಾಯ್ತಿ ಎಂದು ಬಡಕೊಂಡಿದ್ದೆ.

"ಎಂಜಿನ್ ಓಡಿಸೋಳು ಭೌತಶಾಸ್ತ್ರ ಓದಿಲ್ಲ ಅಂದ್ರೆ ನಗ್ತಾರೆ ಮೇಡಂ" ಅಂದಳು.

ಲಿಖಿತದಲ್ಲಿ ತೊಂಬತ್ತಕ್ಕೆ ಹದಿನೈದು ಬಂತು. ಎರಡೂ ಸೇರಿ ನೂರೈವತ್ತಕ್ಕೆ ಮೂವತ್ತೆಂಟು ಬಂದರೆ ಪಾಸು. ಮೌಖಿಕದಲ್ಲಿ ಅರವತ್ತಕ್ಕೆ ಇಪ್ಪತ್ತಮೂರಾದರೂ ಬರದಿದ್ದರೆ ತರಬೇತಿಯ ಜಾಗ ಬೇರೆಯವರ ಪಾಲಾಗುತ್ತಿತ್ತು.

ಮಕ್ಕಳ ಅಮ್ಮಂದಿರು ಪರೀಕ್ಷಕರಿಗೆಂದು ತಂದಿಟ್ಟ ಸ್ಯಾಂಡ್‌ವಿಚ್ಚು, ಪೊಗಾಚಾ ಎಂಬ ಪುಟ್ಟ ಚೀಸ್ ಬನ್ನುಗಳ ತಟ್ಟೆಗಳಿಂದ ಪಕ್ಕದ ಕೋಣೆ ತುಂಬಿಹೋಗಿತ್ತು. ಪರೀಕ್ಷಾ ಸಮಿತಿಯ ಅಧ್ಯಕ್ಷರು ಪದ್ಧತಿಯಂತೆ ಬೇರೆ ಊರಿನ ಶಾಲೆಯವರು, ಕೆರೆಕೆಶ್ ಎಂದು ಹೆಸರು. ಬೆಳಿಗ್ಗೆಯಿಂದ ನಕ್ಕಿರಲಿಲ್ಲ, ತಿಂದಿರಲೂ ಇಲ್ಲ. ಅವರ ಎದುರು ಸುಳಿವು ಕೊಡುವುದಿರಲಿ, ಕೆಮ್ಮಲೂ ನನಗೆ ಭಯ.

ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದ ಎಮೊಕೆ ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿ ಓದಿದಳು. "ಲೋಲಕದಿಂದ ಗುರುತ್ವದ ವೇಗೋತ್ಕರ್ಷ ಕಂಡುಹಿಡಿಯಿರಿ." ನನಗೆ ಹೋದ ಜೀವ ಬಂದಂತಾಯಿತು. ಇಡೀ ಕಟ್ಟಿನಲ್ಲಿ ಇದರಷ್ಟು ಸುಲಭದ್ದು ಬೇರೊಂದಿರಲಿಲ್ಲ.

ದಾರಕ್ಕೆ ಗುಂಡು ಕಟ್ಟಿ ತೂಗಿಬಿಡಬೇಕು. ಹತ್ತು ಸಲ ಹೋಗಿ ಬರುವ ಹೊತ್ತನ್ನು ಅಳೆದು ಹತ್ತರಿಂದ ಭಾಗಿಸಬೇಕು. ಆಮೇಲೆ ಸೂತ್ರ. ಉತ್ತರ ಎಷ್ಟು ಬರಬೇಕೆಂದು ಪರೀಕ್ಷೆಗೆ ತರಲು ಬಿಡುವ ಕೋಷ್ಟಕದ ಪುಸ್ತಕದಲ್ಲೇ ಅಚ್ಚಾಗಿದೆ: 9.81. ಹಾಗಾಗಿಯೇ ನಮ್ಮ ಮಕ್ಕಳ ಲೋಲಕಗಳು ಬಲು ವಿಧೇಯ. ಪುಸ್ತಕದ ಮಾತು ಮೀರಿದ ಒಂದನ್ನೂ ನಾನು ಈ ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ. ದಾರವನ್ನು ತಪ್ಪಾಗಿ ಅಳೆದವರಿಗೂ 9.81, ಗುಂಡು ಗೋಡೆಗೆ ಬಡಿದವರಿಗೂ 9.81.

ಅವಳು ಮೂಲೆಯ ಮೇಜಿನಲ್ಲಿ ಪ್ರಯೋಗ ಮುಗಿಸಿ ಬರೆಯುತ್ತಿದ್ದಾಗ ನಾನು ಕಿಟಕಿ ತೆರೆಯುವ ನೆಪದಲ್ಲಿ ಹತ್ತಿರ ಹೋಗಿ ಹಾಳೆ ನೋಡಿದೆ. ಕೊನೆಯ ಸಾಲಿನಲ್ಲಿ 12.1 ಎಂದಿತ್ತು. ಪಕ್ಕದಲ್ಲೇ ಪುಸ್ತಕ ಅದೇ ಪುಟಕ್ಕೆ ತೆರೆದು ಕೂತಿತ್ತು. ಅಳಿಸು, ಬೇಗ ಅಳಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳು ಬರೆಯಬೇಡಿ ಎಂದು ಸಾವಿರ ಸಲ ಹೇಳಿದ ಬಾಯಿ ನನ್ನದೇ.

ಅವಳು ಎದ್ದು ಬಂದು ನಮ್ಮೆದುರು ನಿಂತಳು. ಸೂತ್ರವನ್ನು ಚೆನ್ನಾಗಿಯೇ ಹೇಳಿದಳು. "ಗುಂಡು ಸೀಸದ್ದಾದ್ರೂ ಅಷ್ಟೇ, ಮರದ್ದಾದ್ರೂ ಅಷ್ಟೇ ಸರ್. ಭಾರಕ್ಕೂ ಕಾಲಕ್ಕೂ ಸಂಬಂಧ ಇಲ್ಲ. ದಾರದ ಉದ್ದ, ಭೂಮಿ ಎಳೆಯೋದು, ಅಂದ್ರೆ ಜಿ, ಇವೆರಡೇ. ಉದ್ದಾನ ಜಿ ಇಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈ ಇಂದ ಗುಣಿಸಿದ್ರೆ ಒಂದು ಸಲ ಹೋಗಿ ಬರೋ ಕಾಲ."

"ಜಿ ಎಷ್ಟು ಬಂತು?" ಅಧ್ಯಕ್ಷರು ಕೇಳಿದರು.

"ಹನ್ನೆರಡು ಪಾಯಿಂಟ್ ಒಂದು."

ನಾನು ನನ್ನ ಚಪ್ಪಲಿ ನೋಡಿಕೊಂಡು ಕೂತೆ.

"ಪುಸ್ತಕದಲ್ಲಿ ಎಷ್ಟಿದೆಯಮ್ಮ?"

"ಒಂಬತ್ತು ಪಾಯಿಂಟ್ ಎಂಟು ಒಂದು. ನಂದು ತಪ್ಪಿದೆ ಸರ್. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಲಿಲ್ಲ."

ಕೆರೆಕೆಶ್ ಕನ್ನಡಕ ತೆಗೆದರು. "ಇನ್ನೊಂದು ಸಲ ಮಾಡು. ಈ ಸಲ ನಮಗೆ ಕೇಳೋ ಹಾಗೆ ಎಣಿಸು."

ಎಮೊಕೆ ಗುಂಡನ್ನು ಪಕ್ಕಕ್ಕೆಳೆದು ಬಿಟ್ಟಳು. ಬಿಟ್ಟ ಕ್ಷಣಕ್ಕೇ "ಒಂದು" ಎಂದಳು. ಗುಂಡು ಹೋಗಿ ವಾಪಸು ಬಂದಾಗ "ಎರಡು" ಎಂದಳು. ಎಲ್ಲಿ ಎಡವಿದ್ದಾಳೆಂದು ನನಗೆ ಆಗ ಹೊಳೆಯಿತು. ಬಾಯಿ ಬಿಡುವಂತಿಲ್ಲ, ಅದಕ್ಕೆ ತುಟಿ ಕಚ್ಚಿಕೊಂಡೆ. ಮೂರು ಎಂದಳು, ನಾಲ್ಕು ಎಂದಳು, ತಟ್ಟನೆ ಗುಂಡನ್ನು ಕೈಯಲ್ಲಿ ಹಿಡಿದುಬಿಟ್ಟಳು.

"ಅಯ್ಯೋ ನನ್ನ ತಲೆಯೇ! ಅದಿನ್ನೂ ಒಂದು ಸಲಾನೂ ಹೋಗಿ ಬಂದಿಲ್ಲ, ನಾನಾಗ್ಲೇ ಒಂದು ಅಂತಿದೀನಿ! ಕುಣಿತದಲ್ಲಿ ಮೊದಲನೇ ಹೆಜ್ಜೆಗೇ ಒಂದು ಅಂತೀವಿ ಸರ್. ಹಂಗಾಗಿ ಹತ್ತು ಅಂದಾಗ ಒಂಬತ್ತೇ ಆಗಿರೋದು. ಸೊನ್ನೆಯಿಂದ ಶುರು ಮಾಡ್ಬೇಕಿತ್ತು."

ಮತ್ತೆ ಬಿಟ್ಟಳು, ಸೊನ್ನೆಯಿಂದ ಎಣಿಸಿದಳು. ಒಂದು ಮೀಟರ್ ದಾರ, ಹತ್ತು ಸಲ ಹೋಗಿ ಬರಲು ಇಪ್ಪತ್ತು ಪಾಯಿಂಟ್ ಒಂದು ಸೆಕೆಂಡು. ಕ್ಯಾಲ್ಕುಲೇಟರ್ ಒತ್ತಿ, "ಒಂಬತ್ತು ಪಾಯಿಂಟ್ ಏಳು ಏಳು" ಎಂದಳು. ಅದೂ ಪುಸ್ತಕದ್ದಲ್ಲ. ಹಾಗಿದ್ದೂ ಅಷ್ಟು ಚೆಂದದ ಸಂಖ್ಯೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವಳು ಹೊರಗೆ ಹೋದ ಮೇಲೆ ಅಧ್ಯಕ್ಷರು ನನ್ನತ್ತ ತಿರುಗಿದರು. "ಬಂದದ್ದನ್ನ ಬಂದ ಹಾಗೇ ಬರೆಯೋ ಮಗುವನ್ನ ನೋಡಿ ಎಷ್ಟು ಕಾಲವಾಯ್ತು ಮೇಡಂ! ನೀವು ಕಲಿಸಿದ್ದು ಸಾರ್ಥಕ." ನಲವತ್ತೊಂದು ಅಂಕ ಬರೆದು ನೇರ ಪಕ್ಕದ ಕೋಣೆಗೆ ಹೋಗಿ ಎರಡು ಪೊಗಾಚಾ ತಿಂದರು. ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಸಂಜೆ ಫಲಿತಾಂಶ ಓದಿದ ಮೇಲೆ ಎಮೊಕೆ ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ಎದೆಯ ಮೇಲಿನ ಕಲ್ಲು ಇಳಿದು ನಾನು ಅತ್ತೇಬಿಟ್ಟೆ. ಮನಸ್ಸು ತಡೆಯದೆ ನಿಜ ಹೇಳಿದೆ. "ಕ್ಷಮಿಸು ಕಣೇ. ನೀನು ಅದನ್ನ ಅಳಿಸಿ ಪುಸ್ತಕದ್ದು ಬರೀಲಿ ಅಂತ ಬೇಡ್ಕೊಂಡಿದ್ದೆ. ನಿನ್ನಷ್ಟು ಪ್ರಾಮಾಣಿಕತೆ ನನಗೇ ಇಲ್ಲ."

ಅವಳು ಕಣ್ಣರಳಿಸಿದಳು. "ನಾನೂ ಅದನ್ನೇ ಮಾಡೋಕೆ ಹೊರಟಿದ್ದೆ ಮೇಡಂ! ಆದ್ರೆ ಬರೀ ಕೊನೇ ಸಾಲು ಬದಲಾಯಿಸಿದ್ರೆ ಆ ಸರ್ ಹಿಡಿದುಬಿಡ್ತಾರಲ್ಲ? ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸಮಯಾನೂ ಬದಲಾಯಿಸ್ಬೇಕು. ಅಷ್ಟೆಲ್ಲಾ ಬರೋ ಹಂಗಿದ್ರೆ ನಾನು ಲಿಖಿತದಲ್ಲೇ ಪಾಸಾಗ್ತಿರ್ಲಿಲ್ವಾ?"

ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಕೆರೆಕೆಶ್ ಅದೇ ದಾರಿಯಲ್ಲಿ ಹೊರಟು ಬಂದರು. ಎಮೊಕೆಯನ್ನು ಕಂಡು ಟೋಪಿ ತೆಗೆದು ತಲೆಬಾಗಿದರು. ನಾವಿಬ್ಬರೂ ಎದ್ದು ನಿಂತು, ಬಹಳ ಗಂಭೀರವಾಗಿ, ಅವರಿಗೆ ವಂದನೆ ಹೇಳಿದೆವು.