ಚಾರ್ಜರ್‌ಗೆ ಎರಡು ಬೆರಳು

ಹೊಸ ಕಾರು ಕಾಣದಂತೆ ಷೋರೂಮಿನ ಗಾಜಿಗೆ ಅಂಟಿಸಿದ್ದ ಕಾಗದ ಕಿತ್ತ ದಿನವೇ ನನ್ನ ಗಂಡ ಕೆಲ್ವಿನ್ ನಮ್ಮ ಹಳೇ ಬೂದು ಕಾರು ಕೊಟ್ಟು ಕಿತ್ತಳೆ ಬಣ್ಣದ ವ್ಯಾಲಿಯಂಟ್ ಚಾರ್ಜರ್ ತಂದ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಓಡಿಸಲು ಕಲಿತಿದ್ದು ಆ ಬೂದು ಕಾರಿನಲ್ಲಿ. ಸೋಮವಾರದೊಳಗೆ ಲೈಸೆನ್ಸ್ ತೋರಿಸಿದರೆ ಮಾತ್ರ ಮನೆಮನೆಗೆ ಹೋಗುವ ನರ್ಸಿನ ಕೆಲಸ ನನಗೆ. ಪರೀಕ್ಷೆ ಶುಕ್ರವಾರ.

"ಇದೇ ಸುಲಭ ಕಣೇ ನೆರಿಲ್, ಕಾಲಿಟ್ರೆ ಹಾರುತ್ತೆ."

"ಹಾರೋ ಪರೀಕ್ಷೆ ಅಲ್ಲ ಕಣೋ ಅದು!"

ಕಾರೇನೋ ಸುಲಭವೇ, ಊರು ಕಷ್ಟ. 1971ರಲ್ಲಿ ಚಾರ್ಜರ್‌ನ ಟೀವಿ ಜಾಹೀರಾತು ಬಂದದ್ದೇ ತಡ, ನಮ್ಮ ಗಾಲರ್ ಊರಿಗೆ ಊರೇ ಆ ಕಾರು ಕಂಡರೆ ಜಾಹೀರಾತಿನಲ್ಲಿದ್ದಂತೆ ಎರಡು ಬೆರಳೆತ್ತಿ "ಹೇ ಚಾರ್ಜರ್!" ಎಂದು ಕೂಗುತ್ತಿತ್ತು. ಓಡಿಸುವವರೂ ಹಾಗೇ ಬೆರಳೆತ್ತಬೇಕು. ಎತ್ತದಿದ್ದರೆ ಸೊಕ್ಕು. ಅಂಗೈ ಮಾತ್ರ ಹೊರಗಿರಬೇಕು; ಒಳಗೆ ತಿರುಗಿದರೆ ಹೊಲಸು ಬೈಗುಳ.

ಶುಕ್ರವಾರ, ಪರೀಕ್ಷೆ ನಡೆಸುವ ಪೊಲೀಸ್ ಸಾರ್ಜೆಂಟ್ ಹಾಕಿಂಗ್ ನನ್ನ ಪಕ್ಕ ಕೂತರು. "ಎರಡೂ ಕೈ ಸ್ಟೀರಿಂಗ್ ಮೇಲೆ. ತೆಗೆದ್ರೆ ಫೇಲು."

ಮಾಂಸದಂಗಡಿಯವನು ಕತ್ತಿ ಕೆಳಗಿಟ್ಟು ಬೆರಳೆತ್ತಿದ. ನಾನು ಎತ್ತಲಿಲ್ಲ. ಹುಲ್ಲಿನ ಮೇಲೆ ಚೆಂಡುರುಳಿಸಿ ಬೌಲ್ಸ್ ಆಡುತ್ತಿದ್ದ ಬಿಳಿ ಬಟ್ಟೆಯ ಮುದುಕಿಯರೆಲ್ಲ ಆಟ ಬಿಟ್ಟು ಬೆರಳೆತ್ತಿದರು. "ಕಣ್ಣು ಕಾಣಲ್ವೇನೇ, ಜಂಬಗಾತಿ!" ಸೈಕಲ್ಲಿನಲ್ಲಿದ್ದ ಪಾದ್ರಿ ಬೆರಳೆತ್ತಲು ಹೋಗಿ ಚರಂಡಿಗೆ ಬೀಳುವುದರಲ್ಲಿದ್ದರು. ನನ್ನ ಬೆರಳುಗಳು ಸ್ಟೀರಿಂಗಿಗೆ ಅಂಟಿಕೊಂಡು ಬೆವರುತ್ತಿದ್ದವು.

"ಇಷ್ಟೊಂದು ಜನ ಪರಿಚಯವೇನಮ್ಮ ನಿಮಗೆ?"

"ನನಗಲ್ಲ ಸಾರ್. ಕಾರಿಗೆ."

ದಿಬ್ಬದ ಹತ್ತಿರ ಜನರಿರಲಿಲ್ಲ. ಕಾಲು ಸ್ವಲ್ಪ ಒತ್ತಿದೆ. ಎಂಜಿನ್ ಗಂಟಲು ಸರಿಮಾಡಿಕೊಂಡು ನಮ್ಮನ್ನು ಒಂದೇ ಉಸಿರಿಗೆ ಮೇಲೆತ್ತಿಕೊಂಡು ಹೋಯಿತು. ಕೆಲ್ವಿನ್‌ಗೆ ಯಾಕೆ ಹುಚ್ಚು ಹಿಡಿಯಿತೆಂದು ಅರ್ಥವಾಯಿತು. ಅರ್ಥವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಠಾಣೆಯೆದುರು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ, ಎಂಜಿನ್ ಆರಿಸಿದೆ. ಮೆಟ್ಟಿಲ ಮೇಲೆ ಕಾದಿದ್ದ ಕೆಲ್ವಿನ್ ಹಲ್ಲು ಬಿಟ್ಟು ಎರಡು ಬೆರಳೆತ್ತಿದ. "ಹೇ ಚಾರ್ಜರ್!"

ಊರಿಗೆಲ್ಲ ಕೊಡದೆ ಉಳಿಸಿಕೊಂಡಿದ್ದನ್ನು ಅವನೊಬ್ಬನಿಗೇ ಕೊಟ್ಟೆ. ಎರಡೂ ಕೈಯ ಎರಡೆರಡು ಬೆರಳೆತ್ತಿ, ಅಂಗೈ ಒಳಗೆ ತಿರುಗಿಸಿ.

ಕೊಟ್ಟ ಮೇಲೆ ಪಕ್ಕದಲ್ಲಿದ್ದವರ ನೆನಪಾಯಿತು. ಕೆಲಸ ಹೋಯಿತು ಅಂದುಕೊಂಡೆ.

ಸಾರ್ಜೆಂಟ್ ಪೆನ್ನಿನ ಮುಚ್ಚಳ ತೆಗೆದರು. "ಹ್ಯಾಂಡ್‌ಬ್ರೇಕ್ ಎಳೆದಿತ್ತಾ?"

"ಎಳೆದಿತ್ತು ಸಾರ್."

"ಎಂಜಿನ್?"

"ಆರಿಸಿದ್ದೆ."

"ಹಾಗಾದ್ರೆ ಅದು ಮನೆ ಜಗಳ. ಪಾಸು."

ಸಾರ್ಜೆಂಟ್ ಇಳಿದು ಹೋದರು. ಕೆಲ್ವಿನ್ ಓಡಿ ಬಂದು ನನ್ನ ಕಡೆಯ ಬಾಗಿಲು ತೆಗೆದ. "ಪೊಲೀಸರ ಮುಂದೇನೇ ಹಾಗಾ ಮಾಡೋದು? ಇಳಿ, ನಾನು ಓಡಿಸ್ತೀನಿ."

"ಆ ಕಡೆಯಿಂದ ಹತ್ತು," ಎಂದೆ. "ಸೋಮವಾರದಿಂದ ನೀನು ಕೆಲಸಕ್ಕೆ ರೈಲಲ್ಲಿ ಹೋಗು."