ಹಿಂದಿನ ಸೀಟಿನಿಂದ ದಾರಿ ಹೇಳಿದವಳು

ಬೈಕಿಗೆ ಹಾಕಿಕೊಳ್ಳುವ ದಾರಿ ತೋರಿಸುವ ಯಂತ್ರ ಬೇಕು ಎಂದು ಸುಮಿಯೊ ಕೇಳಿದಾಗ, ಅಸಾಹಿಕಾವಾ ನಗರದ ಮೋಟಾರ್‌ಸೈಕಲ್ ಅಂಗಡಿಯ ಇನುಕಾಯಿ ತಮಾಷೆಯೆಂದೇ ತಿಳಿದ. ಹೊಕ್ಕೈಡೊ ದ್ವೀಪದ ಉತ್ತರ ತುದಿಯವರೆಗಿನ ರಸ್ತೆಗಳೆಲ್ಲ ಅವಳಿಗೆ ಬಾಯಿಪಾಠ. ಬೇಸಿಗೆ ಬಂದರೆ ಗಂಡ ಮೊರಿಯೊನ ಹಿಂದೆ ಕೂತು, ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ಎಡ, ಬಲ ಹೇಳುತ್ತಿದ್ದವಳು ಅವಳೇ. ಮೊರಿಯೊ ಸವಾರಿಯಲ್ಲಿ ಎಷ್ಟು ನಿಪುಣನೋ ದಿಕ್ಕಿನ ವಿಷಯದಲ್ಲಿ ಅಷ್ಟೇ ದಡ್ಡ. ಅವಳದು ಹತ್ತು ಮಾತಾದರೆ ಅವನದು ಒಂದು ‘ಹ್ಞೂಂ’. ಅವನು ತೀರಿಹೋದ ಮೇಲೆ ಇದು ಎರಡನೇ ಬೇಸಿಗೆ.

ಇಷ್ಟರಲ್ಲಿ ಅವಳು ಹಟ ಹಿಡಿದು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಅವನ ಗಾಡಿಯನ್ನು ಕೊಳ್ಳಲು ಇನುಕಾಯಿ ಬಳಿ ಗಿರಾಕಿಯೂ ಕಾದಿದ್ದ. ಸಮುದ್ರದ ದಂಡೆಯ ಹಮಾತೊಂಬೆತ್ಸುವಿಗೆ ಒಮ್ಮೆ ಒಬ್ಬಳೇ ಹೋಗಿಬರುವುದು, ಮನಸ್ಸು ತಡೆದುಕೊಂಡರೆ ಗಾಡಿ ಇಟ್ಟುಕೊಳ್ಳುವುದು, ಇಲ್ಲವಾದರೆ ಮಾರುವುದು. ಹಾಗೆಂದು ಅವಳು ನಿರ್ಧರಿಸಿದ್ದಳು.

“ಅಲ್ಲ ಅತ್ತಿಗೆ, ದಾರಿ ಗೊತ್ತಿರೋರಿಗೆ ಇದ್ಯಾಕೆ?” ಎಂದ ಇನುಕಾಯಿ.

“ದಾರಿಗಲ್ಲಪ್ಪ. ಹೆಲ್ಮೆಟ್ ಒಳಗೆ ಯಾರಾದ್ರೂ ಮಾತಾಡ್ಲಿ ಅಂತ.”

ಅವನು ತಲೆ ತಗ್ಗಿಸಿ ಪೆಟ್ಟಿಗೆಗಳನ್ನು ಬಿಚ್ಚಿದ. ಫೋನನ್ನೇ ಹ್ಯಾಂಡಲ್ಲಿಗೆ ಕಟ್ಟಿದರೆ ಗಾಡಿಯ ನಡುಕಕ್ಕೆ ಅದರ ಕ್ಯಾಮೆರಾ ಹಾಳಾಗುತ್ತದೆ, ಇದಾದರೆ ಮಳೆಗೂ ಜಗ್ಗುವುದಿಲ್ಲ, ಕೈಗವಸು ಹಾಕಿಕೊಂಡೇ ಒತ್ತಬಹುದು, ಬಿಸಿಲಲ್ಲೂ ಪರದೆ ಕಾಣುತ್ತದೆ ಎಂದೆಲ್ಲ ವಿವರಿಸಿದ. ಅವಳು ಯಾವುದಕ್ಕೂ ಕಿವಿಗೊಡದೆ ಒಂದೊಂದರ ದನಿಯನ್ನೂ ಕೇಳಿ ನೋಡಿದಳು. ಒಂದು, ರೈಲು ನಿಲ್ದಾಣದ ಹುಡುಗಿಯ ಹಾಗೆ ಉಲಿಯಿತು. ಇನ್ನೊಂದರದು ಗಂಡುದನಿ, ನಗರಸಭೆಯ ಗುಮಾಸ್ತನಂತೆ ಒಣಒಣ. ದಾರಿ ತಪ್ಪಿದರೆ ಬೈಯುತ್ತದೆಯೇ ಎಂದು ಕೇಳಿದಳು. ಯಾವುದೂ ಬೈಯುವುದಿಲ್ಲ, ತೆಪ್ಪಗೆ ಬೇರೆ ದಾರಿ ಹುಡುಕುತ್ತದೆ ಎಂದ. ಒಂದು ದಿನ ಓಡಿಸಿ ನೋಡಿ, ಒಗ್ಗದಿದ್ದರೆ ವಾಪಸು ಕೊಡಿ ಎಂದು ಗುಮಾಸ್ತನನ್ನೇ ಗಾಡಿಗೆ ಕೂರಿಸಿದ.

ಹೋಗುವ ಜಾಗದ ಫೋನ್ ನಂಬರ್ ಒತ್ತಿದರೆ ಸಾಕು, ಯಂತ್ರ ದಾರಿ ಹಿಡಿಯುತ್ತದೆ. ವಿಳಾಸ ಬರೆಯುವ ತಾಪತ್ರಯ ಇಲ್ಲಿ ಯಾರಿಗೂ ಇಲ್ಲ. ಹಮಾತೊಂಬೆತ್ಸುವಿನಲ್ಲಿ ವರ್ಷ ವರ್ಷವೂ ಊಟಕ್ಕೆ ಜಾಗ ಹಿಡಿಯಲು ತಾನೇ ಫೋನ್ ಮಾಡುತ್ತಿದ್ದ ಏಡಿ ಸಾರಿನ ಹೋಟೆಲಿನ ನಂಬರನ್ನು ಸುಮಿಯೊ ಒತ್ತಿದಳು. ಪರದೆಯ ಮೇಲೆ ಮೂಡಿದ ಹೆಸರನ್ನು ಓದುವ ಗೋಜಿಗೆ ಹೋಗಲಿಲ್ಲ. ಕಂಠಪಾಠವಾಗಿದ್ದನ್ನು ಯಾರು ತಾನೇ ಪರೀಕ್ಷಿಸುತ್ತಾರೆ?

ದಾರಿಯುದ್ದಕ್ಕೂ ಎದುರಿಗೆ ಬಂದ ಬೈಕ್ ಸವಾರರು ವಾಡಿಕೆಯಂತೆ ಕೈಯೆತ್ತಿದರು. ಮೊದಲಾದರೆ ಹಿಂದೆ ಕೂತು ಎರಡೂ ಕೈ ಬೀಸುತ್ತಿದ್ದಳು, ಗಂಡನ ಪರವಾಗಿ ಒಂದು, ತನ್ನದೊಂದು. ಈಗ ಹ್ಯಾಂಡಲ್ ಬಿಡಲು ಧೈರ್ಯ ಬಾರದೆ ತಲೆಯಾಡಿಸಿದಳು. ಅದು ಅವರಿಗೆ ಕಂಡಿತೋ ಇಲ್ಲವೋ.

ಸಮುದ್ರ ಕಾಣುವ ಹೊತ್ತಿಗೆ ಗುಮಾಸ್ತ ಎಡಕ್ಕೆ ಎಂದ. “ಅಲ್ಲ, ಬಲಕ್ಕೆ,” ಎಂದಳು ಸುಮಿಯೊ. ಅವನು ಮತ್ತೆ ಎಡಕ್ಕೆ ಎಂದ. ಜನ್ಮವಿಡೀ ತಾನೇ ಹೇಳಿದ್ದಾಯಿತು, ಒಂದು ಸಲ ಇನ್ನೊಬ್ಬರ ಮಾತು ಕೇಳೋಣ ಎನಿಸಿತು. ಹಾಗೆ ಹೇಳಿಸಿಕೊಳ್ಳುವುದರಲ್ಲೂ ಒಂದು ಸುಖವಿತ್ತು. ಎಡಕ್ಕೆ ತಿರುಗಿದಳು.

ಹುಲ್ಲುಗಾವಲಿನ ನಡುವೆ, ಟ್ರ್ಯಾಕ್ಟರ್ ರಿಪೇರಿಯ ತಗಡಿನ ಶೆಡ್ಡಿನ ಮುಂದೆ ದನಿ ಹೇಳಿತು: ಗುರಿಯ ಹತ್ತಿರ ಬಂದಿದ್ದೀರಿ, ಮಾರ್ಗದರ್ಶನ ಇಲ್ಲಿಗೆ ಮುಗಿಯಿತು. ಅಷ್ಟು ಹೇಳಿ ಸುಮ್ಮನಾಯಿತು.

ಶೆಡ್ಡಿನಿಂದ ಬಂದ ಹೆಂಗಸು ಕೈ ಒರೆಸಿಕೊಳ್ಳುತ್ತಾ, ಏಡಿ ಸಾರಿಗೆ ಬಂದಿರಾ ಎಂದು ಕೇಳಿದಳು. ಆ ಹೋಟೆಲು ಮುಚ್ಚಿ ಸಾಕಷ್ಟು ಕಾಲವಾಯಿತಂತೆ, ಅದರ ನಂಬರು ತಮಗೆ ಸಿಕ್ಕಿತಂತೆ, ಹೀಗೆ ದಾರಿ ತಪ್ಪಿ ಬರುವವರು ಆಗಾಗ ಇರುತ್ತಾರಂತೆ. ಮೊರಿಯೊ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಲೋಕದಲ್ಲಿ ಏನೇನು ಮುಚ್ಚಿತೋ ಸುಮಿಯೊಗೆ ತಿಳಿದಿರಲಿಲ್ಲ. ಚಹಾ ಕುಡಿದು ಹೋಗಿ ಎಂದ ಹೆಂಗಸಿಗೆ ಬಾಗಿ ವಂದಿಸಿ, ಒಲ್ಲೆ ಎಂದಳು.

ಹೆಂಗಸು ಒಳಗೆ ಹೋದ ಮೇಲೆ ಹೆಲ್ಮೆಟ್ ಹಾಕಿಕೊಂಡಳು. “ಬಲಕ್ಕೆ ಅಂತ ನಾನು ಹೇಳ್ಲಿಲ್ವೇನ್ರೀ?” ಎಂದಳು. ಕಿವಿಯಲ್ಲಿ ಸದ್ದಿಲ್ಲ. ಗೋಡೆಗೆ ಹೇಳಿದ್ದರೂ ಗೋಡೆ ಎದುರಿಗಾದರೂ ಇರುತ್ತಿತ್ತು. ಅವಳಿಗೆ ಅಳು ಬಂತು. ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಮರುದಿನ ಯಂತ್ರವನ್ನು ಇನುಕಾಯಿಯ ಮುಂದಿಟ್ಟಳು. ಅವನು ಗಾಬರಿಯಾಗಿ ಇನ್ನೊಂದು ಪೆಟ್ಟಿಗೆಗೆ ಕೈ ಹಾಕಿದ.

“ಬೇಡ ಕಣಪ್ಪ. ಇವೆಲ್ಲ ಹೇಳೋವೇ. ಹೇಳೋಕೆ ನಾನೇ ಇದೀನಲ್ಲ. ಕೇಳಿಸ್ಕೊಳ್ಳೋಂಥದ್ದು ಯಾವುದೂ ಇಲ್ಲ ನಿನ್ ಹತ್ರ.”

ಇನುಕಾಯಿ ಪೆಟ್ಟಿಗೆಯಿಂದ ಕೈ ತೆಗೆದ. ಅವಳು ಗಾಡಿಯ ಕೀಲಿಯನ್ನು ಗಲ್ಲಾದ ಮೇಲಿಟ್ಟು, ಕೊಳ್ಳುವವನು ಒಂಟಿಯೋ ಜೋಡಿಯೋ ಎಂದು ವಿಚಾರಿಸಿದಳು. ಹೊಸದಾಗಿ ಮದುವೆಯಾದವನು ಎಂದ ಇನುಕಾಯಿ.

“ಹಾಗಾದ್ರೆ ಆ ಹುಡುಗನಿಗೆ ಹೇಳು,” ಎಂದಳು ಸುಮಿಯೊ, “ದಾರಿ ಗೊತ್ತಿದ್ರೂ ಅವಳನ್ನೇ ಕೇಳ್ಲಿ.”